ನಾಯಿ ಕರ್ಕೊಂಡು ಸಿರುಗುಪ್ಪಕ್ಕೆ

"ಈ ಸಲ ಸಂಕ್ರಾಂತಿಗೆ ಗುಂಡನನ್ನೂ ಕರ್ಕೊಂಡು ಬರ್ತೀನಿ" ಅಂತ ಫೋನಲ್ಲಿ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, "ನಾಯಿ ಒಳಗ ಬರಂಗಿಲ್ಲ ನೋಡಪ" ಅಂದ್ರು.

ಗುಂಡ ಲಾಕ್‌ಡೌನ್ ಟೈಮಲ್ಲಿ ಬೆಂಗಳೂರಿನ ನಮ್ಮ ಬಿಲ್ಡಿಂಗ್ ಕೆಳಗೆ ಸಿಕ್ಕ ಬೀದಿ ನಾಯಿಮರಿ. ಹಬ್ಬ ಬಂದ್ರೆ ಅವನನ್ನ ಬೋರ್ಡಿಂಗಲ್ಲಿ ಬಿಟ್ಟು ಊರಿಗೆ ಹೋಗೋದು ನನ್ನ ರೂಢಿ. ಕಳೆದ ದೀಪಾವಳಿಗೆ ಹಾಗೆ ಬಿಟ್ಟಾಗ ಮೂರು ದಿನ ಏನೂ ತಿನ್ನಲಿಲ್ಲ. ಅಲ್ಲಿನವರು ಪಾಪ ವಿಡಿಯೋ ಕಳಿಸಿದ್ರು: ಗೋಡೆ ಕಡೆ ಮುಖ ಮಾಡಿ ಮಲಗಿದಾನೆ. ನಾನು ಹಬ್ಬ ಅರ್ಧಕ್ಕೆ ಬಿಟ್ಟು ವಾಪಸ್ ಬಂದೆ. ಅವ್ವ ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಅವತ್ತೇ ಡಿಸೈಡ್ ಮಾಡಿದೆ, ಹೋದ್ರೆ ಇಬ್ಬರೂ ಹೋಗಬೇಕು.

ಅದೇ ಟೈಮಲ್ಲಿ ಆನ್‌ಸೈಟ್‌ಗೆ ಹೋದ ಫ್ರೆಂಡ್ ಒಬ್ಬ ಇಂಗ್ಲೆಂಡಿನ ಹಳ್ಳಿಗಳಿಂದ ಫೋಟೋ ಕಳಿಸ್ತಿದ್ದ. ಕೋಟ್ಸ್‌ವೋಲ್ಡ್ಸ್ ಕಡೆ ಪಬ್ ಬಾಗಿಲಲ್ಲೇ ನಾಯಿಗೆ ನೀರಿನ ಬಟ್ಟಲು, ಒಳಗೆ ಟೇಬಲ್ ಕೆಳಗೆ ಆರಾಮಾಗಿ ಮಲಗಿದ ನಾಯಿ. ನೋಡಿ ಹೊಟ್ಟೆ ಉರೀತು. ಆದರೆ ಅವನೇ ಹೇಳಿದ್ದು, ಅಲ್ಲಿ ನಾಯಿಗೆ ಬರೀ ಸ್ವಾಗತ ಅಷ್ಟೇ ಅಲ್ಲ, ರೂಲ್ಸೂ ಇದೆ. ಮಾರ್ಚ್ 1ರಿಂದ ಜುಲೈ 31ರವರೆಗೆ ನೆಲದ ಮೇಲೆ ಗೂಡು ಕಟ್ಟೋ ಹಕ್ಕಿಗಳಿಗೋಸ್ಕರ, ಜನರ ಓಡಾಟಕ್ಕೆ ಬಿಟ್ಟಿರೋ ಗುಡ್ಡ-ಬಯಲುಗಳಲ್ಲಿ ನಾಯಿಯ ಹಗ್ಗ 2 ಮೀಟರ್ ದಾಟಬಾರದು. ಕುರಿ ಇರೋ ಕಡೆ ಅಂತೂ ವರ್ಷಪೂರ್ತಿ ಹುಷಾರು.

ನಮ್ಮ ಕಡೆ ಬೋರ್ಡೂ ಇಲ್ಲ, ಬಟ್ಟಲೂ ಇಲ್ಲ. ಸರಿ, ಹೋಗಿಯೇ ನೋಡೋಣ ಅಂತ ಹೊರಟ್ವಿ.

ಮೊದಲ ಪ್ರಶ್ನೆ ಹೋಗೋದು ಹೇಗೆ. ಸಿರುಗುಪ್ಪಕ್ಕೆ ರೈಲಿಲ್ಲ. ಬಳ್ಳಾರಿವರೆಗೆ ರೈಲಲ್ಲಿ ಹೋಗ್ತೀನಿ ಅಂದ್ರೂ ನಾಯಿ ನಮ್ಮ ಜೊತೆ ಕೂರಬೇಕಾದ್ರೆ ಫಸ್ಟ್ ಎಸಿಯ ಕೂಪೆ ಪೂರ್ತಿ ನಮ್ಮದಾಗಿರಬೇಕು. ಇಲ್ಲಾಂದ್ರೆ ಗಾರ್ಡ್ ಡಬ್ಬಿಯ ನಾಯಿ ಪೆಟ್ಟಿಗೆ. 2022ರಲ್ಲಿ ಕೆಎಸ್‌ಆರ್‌ಟಿಸಿ ನಾಯಿಗೆ ಅರ್ಧ ಟಿಕೆಟ್ ಅಂತ ಮಾಡ್ತು, ಆದರೆ ರಾತ್ರಿ ಸ್ಲೀಪರ್‌ಗೆ ಅದು ನಡೆಯಲ್ಲ. ಹಾಗಾಗಿ ಕಾರು. ಹಿರಿಯೂರು, ಚಳ್ಳಕೆರೆ, ಬಳ್ಳಾರಿ ದಾಟಿ ಸುಮಾರು 360 ಕಿಲೋಮೀಟರ್. ಎರಡು ಗಂಟೆಗೊಮ್ಮೆ ನಿಲ್ಲಿಸಿ ನೀರು ಕುಡಿಸಿ. ಹೊರಡೋ ಮುಂಚೆ ಹೊಟ್ಟೆ ತುಂಬ ತಿನ್ನಿಸಬೇಡಿ (ನಾನು ತಿನ್ನಿಸಿದೆ, ಹಿರಿಯೂರಲ್ಲಿ ಸೀಟ್ ಕವರ್ ತೊಳೆದೆ).

ಮನೆ ಬಾಗಿಲಲ್ಲಿ ಅಪ್ಪ ಅಡ್ಡ ನಿಂತಿದ್ರು. ಹೊಸ್ತಿಲು, ದೇವರ ಮನೆ, ಮಡಿ, ಎಲ್ಲಾ ಬಂತು. ಅವ್ವನೇ ಮುಂದೆ ಬಂದು, "ಮೈಲಾರದ ಗೊರವಯ್ಯ ಬಂದು ನಾಯಿ ಹಂಗ ಬೊಗಳಿ ದೋಣ್ಯಾಗಿನ ಹಾಲು ಬಾಳೆಹಣ್ಣು ತಿಂದ್ರ ಕೈ ಮುಗಿತೀರಿ, ಖರೇ ನಾಯಿ ಬಂದ್ರ ಬಾಗಲ ಹಾಕ್ತೀರೇನ್ರಿ?" ಅಂದಳು. ಅಪ್ಪನ ಹತ್ರ ಉತ್ತರ ಇರಲಿಲ್ಲ. ಪಡಸಾಲೆವರೆಗೆ ಓಕೆ, ಅಡುಗೆಮನೆ ಮತ್ತು ದೇವರ ಮನೆ ಇಲ್ಲ ಅಂತ ಒಪ್ಪಂದ ಆಯ್ತು.

ಬೆಳಿಗ್ಗೆ ತುಂಗಭದ್ರೆ ದಂಡೆ. ಜನವರಿಯಲ್ಲಿ ಆರೂವರೆಗೆ ಅಲ್ಲಿ ಇರೋ ತಂಪು, ಖಾಲಿತನ ಬೆಂಗಳೂರಿನ ಯಾವ ಡಾಗ್ ಪಾರ್ಕಲ್ಲೂ ಸಿಗಲ್ಲ. ಆದರೆ ನೀರಿಗೆ ಮಾತ್ರ ಇಳಿಸಬೇಡಿ, ಈ ಹೊಳೆಯಲ್ಲಿ ಮೊಸಳೆ ಇವೆ. ಇದೇ ಹೊಳೆಯಲ್ಲಿ ಮೇಲ್ಗಡೆ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ನೀರುನಾಯಿಗೆ ಸರ್ಕಾರಿ ಜಾಗ ಇದೆ, ನಮ್ಮ ಗುಂಡನಿಗೆ ಪಡಸಾಲೆ ಮಾತ್ರ!

ಕುರುಗೋಡಿಗೂ ಹೋದ್ವಿ. ದೊಡ್ಡಬಸವೇಶ್ವರ ಗುಡಿಯ ಏಕಶಿಲಾ ಬಸವಣ್ಣನನ್ನ ನೋಡಬೇಕಂದ್ರೆ ನಾಯಿ ಹೊರಗೆ ಇರಬೇಕು, ಅದು ನ್ಯಾಯವೇ. ಹೂ ಮಾರೋ ಅಕ್ಕನ ಮುಂದೆ ಹಗ್ಗ ಹಿಡ್ಕೊಂಡು ನಿಂತಿದ್ದೆ. ನಾನು ಕೇಳೋ ಮೊದಲೇ, "ಕೊಡು ತಮ್ಮ, ಹೋಗಿಬಾ, ಕಚ್ಚಂಗಿಲ್ಲಲ್ಲ?" ಅಂತ ಹಗ್ಗ ಇಸ್ಕೊಂಡಳು. ವಾಪಸ್ ಬಂದಾಗ ಗುಂಡನ ಕೊರಳಲ್ಲಿ ಒಂದು ಮೊಳ ಸೇವಂತಿಗೆ.

ಹಂಪಿ ಮಾತ್ರ ನಾಯಿ ಜೊತೆ ಪ್ಲಾನ್ ಮಾಡಬೇಡಿ. ಸಂರಕ್ಷಿತ ಸ್ಮಾರಕದೊಳಗೆ ಪ್ರಾಣಿ ತರಬಾರದು ಅಂತ 1959ರ ನಿಯಮದಲ್ಲೇ ಇದೆ. ಇನ್ನು ಅಲ್ಲಿನ ಕೋತಿಗಳಿಗೂ ನಾಯಿಗೂ ಆಗಿಬರಲ್ಲ. ದರೋಜಿ ಕರಡಿಧಾಮದ ಕಡೆಯೂ ಬೇಡ. ಏಪ್ರಿಲ್-ಮೇ ಅಂತೂ ನಮ್ಮ ಜಿಲ್ಲೆಗೇ ಬೇಡ. ಡಾಂಬರಿನ ಮೇಲೆ ನಿಮ್ಮ ಅಂಗೈ ಹಿಂಭಾಗ ಏಳು ಸೆಕೆಂಡ್ ಇಟ್ಟು ನೋಡಿ, ತಡೆಯಕ್ಕಾಗದಿದ್ರೆ ನಾಯಿ ಪಾದಕ್ಕೂ ಆಗಲ್ಲ.

ನಿಜವಾದ ಪಾಠ ಆಗಿದ್ದು ಮೂರನೇ ದಿನ. ಭತ್ತ ಕೊಯ್ದ ಗದ್ದೆಯಲ್ಲಿ ಗೊಬ್ಬರಕ್ಕೆ ಅಂತ ಕುರಿ ನಿಲ್ಲಿಸಿದ್ರು. ಖಾಲಿ ಗದ್ದೆ ಅಲ್ವಾ ಅಂತ ನಾನು ಗುಂಡನ ಹಗ್ಗ ಬಿಚ್ಚಿದ್ದೆ. ಅವನು ಕುರಿ ನೋಡಿದ್ದೇ ಇಲ್ಲ, ಆಟ ಅಂದ್ಕೊಂಡು ನೇರ ಹಿಂಡಿಗೆ ಓಡಿದ. ಗಬ್ಬದ ಕುರಿಗಳು ಚೆಲ್ಲಾಪಿಲ್ಲಿ. ಕುರಿಯವರ ಎರಡು ನಾಯಿ ಎದ್ದು ಬಂದು ಗುಂಡನನ್ನ ಕೆಡವಿಕೊಂಡ್ವು. ಹಿರಿಯ ಕುರಿಗಾಹಿ ಕೋಲು ಬೀಸಿ ಬಿಡಿಸಿದ್ರು. ಕಿವಿ ಹರಿದು ರಕ್ತ.

ನಾನು ಬೈಗುಳಕ್ಕೆ ರೆಡಿಯಾಗಿದ್ದೆ. ಅವರು ಕೇಳಿದ್ದು, "ನಿಮ್ಮ ನಾಯಿಗೆ ಸೂಜಿ ಹಾಕ್ಸೀರೇನ್ರಿ?"

"ಹಾಕ್ಸೀನಿ ಕಾಕಾ. ನಿಮ್ಮವಕ್ಕೆ?"

"ಊರೂರು ತಿರಗೋರು, ನಮಗ್ಯಾರ್ ಹಾಕ್ತಾರ?" ಅಂದ್ರು. ಮೊಮ್ಮಗ ಅವೇ ನಾಯಿಗಳ ನಡುವೆ ಕೂತು ರೊಟ್ಟಿ ತಿಂತಿದ್ದ.

ಗುಂಡನ ಗಾಯವನ್ನ ಸೋಪು ನೀರಲ್ಲಿ ಹದಿನೈದು ನಿಮಿಷ ತೊಳೆದು ಪಶು ಆಸ್ಪತ್ರೆಗೆ ಓಡಿದೆ. ಇವನಿಗೆ ವರ್ಷ ವರ್ಷ ಲಸಿಕೆ ಆಗಿದ್ರೂ ಕಚ್ಚಿಸಿಕೊಂಡ ಮೇಲೆ ಮತ್ತೆ ಹಾಕಿಸಲೇಬೇಕು ಅಂದ್ರು ಡಾಕ್ಟರು. ರೇಬಿಸ್ ಲಕ್ಷಣ ಶುರುವಾದ್ರೆ ನಾಯಿಗೂ ಮನುಷ್ಯನಿಗೂ ಔಷಧಿ ಇಲ್ಲ. ಅದಕ್ಕೇ ಊರಲ್ಲಿ ಮಕ್ಕಳಿರೋ ಮನೆಯವರು ಗುಂಡನನ್ನ ನೋಡಿ ಬಾಗಿಲು ಹಾಕ್ಕೊಂಡ್ರೆ ನನಗೀಗ ಸಿಟ್ಟು ಬರಲ್ಲ. ಕೊರಳಿಗೆ ಪಟ್ಟಿ, ಕೈಯಲ್ಲಿ ಹಗ್ಗ, ಜೇಬಲ್ಲಿ ಲಸಿಕೆ ಕಾರ್ಡು ತೋರಿಸಿ ಮಾತಾಡಿಸ್ತೀನಿ.

ಮನೆಗೆ ಬಂದು ಹೇಳಿದಾಗ ಅಪ್ಪ ಚಪ್ಪಲಿ ಮೆಟ್ಟಿಕೊಂಡು, "ಕಾರ್ ತೆಗಿ" ಅಂದ್ರು. ಔಷಧಿ ಅಂಗಡಿಯಲ್ಲಿ ಎರಡು ಡೋಸ್ ತಗೊಂಡು ಐಸಲ್ಲಿಟ್ಟು ಪಶು ಆಸ್ಪತ್ರೆಯಲ್ಲಿ ಕೊಟ್ಟು, ಗದ್ದೆಗೆ ಹೋದ್ವಿ. ಒಂದು ನಾಯಿ ಮೊಮ್ಮಗನ ಜೊತೆ ಹಿಂದಿನ ಸೀಟಲ್ಲಿ ಕೂತು ಬಂತು, ಸೂಜಿ ಆಯ್ತು. ಇನ್ನೊಂದು ಏನು ಮಾಡಿದ್ರೂ ಕಾರು ಹತ್ತಲಿಲ್ಲ. ನಾಳೆ ಡಾಕ್ಟರನ್ನೇ ಕರ್ಕೊಂಡು ಬರೋಣ ಅಂದ್ಕೊಂಡ್ವಿ. ಬೆಳಿಗ್ಗೆ ಹೋಗೋ ಹೊತ್ತಿಗೆ ಹಿಂಡು ತೆಕ್ಕಲಕೋಟೆ ಕಡೆ ಹೊರಟು ಹೋಗಿತ್ತು. ಅಪ್ಪ ಕಾಕಾನ ನಂಬರ್ ಬರ್ಕೊಂಡಿದ್ರು, ಈಗಲೂ ಆಗಾಗ ಹಚ್ತಾರೆ. ಸ್ವಿಚ್ ಆಫ್ ಬರ್ತದೆ.