ಕಿವಿಗೂ ಲೈಸೆನ್ಸ್ ಬೇಕು, ಬುದ್ಧಿಯೂ ಬೇಕು

ಅಮೆರಿಕಾದಲ್ಲಿ ಪೊಲೀಸರ ವೈರ್‌ಲೆಸ್ ಮಾತು ಕೇಳುವ ಮೆಷಿನ್ ಅಂಗಡೀಲೇ ಸಿಗುತ್ತಂತೆ, ಹೌದೇನ್ರೀ?

ಪೇಪರಿನವನು ಸಿಕ್ಕಿದರೆ ಸಾಕು, ಪೇಟೆ ಬೀದಿಯಲ್ಲಿ ಒಬ್ಬರಲ್ಲ ಒಬ್ಬರು ಈ ಪ್ರಶ್ನೆ ಎಸೆಯುತ್ತಾರೆ. ಮಗನೋ ಅಳಿಯನೋ ಅಲ್ಲಿರುವ ಮನೆಗಳು ನಮ್ಮ ಜಿಲ್ಲೆಯಲ್ಲೂ ಈಗ ಕಮ್ಮಿಯಿಲ್ಲ. ರಜೆಗೆ ಬರುವಾಗ ಒಂದು ತರಿಸಿಕೊಂಡರೆ ಹೇಗೆ ಎಂಬ ಆಸೆಯೂ ಪ್ರಶ್ನೆಯ ಹಿಂದೆಯೇ ಇರುತ್ತದೆ. ಆದ್ದರಿಂದ ಈ ವಿಷಯವನ್ನು ಒಮ್ಮೆ ಬಿಡಿಸಿ ಹೇಳಿಬಿಡುವುದು ಒಳ್ಳೆಯದು.

ಹೌದು ಸ್ವಾಮಿ, ಸಿಗುತ್ತದೆ. ಅದರ ಹೆಸರು ಸ್ಕ್ಯಾನರ್. ಆಸ್ಪತ್ರೆಯ ಸ್ಕ್ಯಾನಿಂಗ್ ಅಲ್ಲ, ಜೆರಾಕ್ಸ್ ಅಂಗಡಿಯದ್ದೂ ಅಲ್ಲ. ಇದು ರೇಡಿಯೋ. ಮಾತಾಡಲು ಬಾರದ, ಕೇಳಲು ಮಾತ್ರ ಬರುವ ರೇಡಿಯೋ. ಪೊಲೀಸು, ಅಗ್ನಿಶಾಮಕ, ಆಂಬುಲೆನ್ಸ್, ವಿಮಾನ, ರೈಲು, ಹಡಗು ಹೀಗೆ ಗಾಳಿಯಲ್ಲಿ ಮಾತಾಡಿಕೊಳ್ಳುವವರ ತರಂಗಗಳನ್ನು ಒಂದಾದ ಮೇಲೊಂದು ತಡವಿ, ಎಲ್ಲಿ ಮಾತು ಕೇಳಿಸಿತೋ ಅಲ್ಲಿ ನಿಲ್ಲುತ್ತದೆ. ಹಿಂದೆ ಒಂದೊಂದು ತರಂಗಕ್ಕೂ ಕ್ರಿಸ್ಟಲ್ ಎಂಬ ಒಂದೊಂದು ಹರಳನ್ನು ಬೇರೆ ಬೇರೆ ಕೊಂಡು ಒಳಗೆ ಕೂರಿಸಬೇಕಿತ್ತು. 1970ರ ದಶಕದಲ್ಲಿ ಬೇಕಾದ ಸಂಖ್ಯೆಯನ್ನು ನಾವೇ ಒತ್ತಿ ನೆನಪಿನಲ್ಲಿಡುವ ಸೆಟ್ಟುಗಳು ಬಂದವು. ಇವೇ ಪ್ರೋಗ್ರಾಂ ಮಾಡುವ ಸ್ಕ್ಯಾನರುಗಳು.

ತರಿಸಿಕೊಳ್ಳಬಹುದೇ ಎಂಬ ಪ್ರಶ್ನೆಗೆ ಆಮೇಲೆ ಬರೋಣ. ಮೊದಲು ಈ ಪೆಟ್ಟಿಗೆಯನ್ನು ಕಲಿಯುವುದೆಂದರೆ ಏನು ಎಂಬುದನ್ನು ನೋಡಬೇಕು. ಯಾಕೆಂದರೆ ಅದರ ಗುಂಡಿಗಳಲ್ಲೇ ನಮ್ಮೂರಿಗೆ ಬೇಕಾದ ಒಂದು ಪಾಠ ಇದೆ.

ಐನೂರು ಡಬ್ಬಿಯ ಅಂಗಡಿ

ಯುನಿಡೆನ್ ಕಂಪನಿಯ ಬೇರ್‌ಕ್ಯಾಟ್ ಬಿಸಿ 125 ಎಟಿ ಎಂಬ ಕೈಸೆಟ್ಟನ್ನೇ ತೆಗೆದುಕೊಳ್ಳಿ. ಅಲ್ಲಿ ಹೊಸಬರು ಹೆಚ್ಚಾಗಿ ಕೊಳ್ಳುವ ಸೆಟ್ಟುಗಳಲ್ಲಿ ಇದೂ ಒಂದು. ಎರಡು ಪೆನ್‌ಟಾರ್ಚ್ ಸೆಲ್ಲು ಹಾಕಿದರೆ ನಡೆಯುತ್ತದೆ. ಒಳಗೆ 500 ಚಾನೆಲ್ಲು. ಅವನ್ನು ಐವತ್ತೈವತ್ತರಂತೆ 10 ಬ್ಯಾಂಕುಗಳಾಗಿ ಹಂಚಿದ್ದಾರೆ. ಬ್ಯಾಂಕು ಎಂದರೆ ದುಡ್ಡಿಡುವ ಬ್ಯಾಂಕಲ್ಲ. ಕಿರಾಣಿ ಅಂಗಡಿಯವರಿಗೆ ಬಿಡಿಸಿ ಹೇಳಬೇಕಾದ್ದೇ ಇಲ್ಲ: ಹತ್ತು ಗೂಡು, ಗೂಡಿಗೆ ಐವತ್ತು ಡಬ್ಬಿ. ಬೇಳೆ ಒಂದು ಕಡೆ, ಮಸಾಲೆ ಒಂದು ಕಡೆ. ಹಾಗೆಯೇ ವಿಮಾನ ಒಂದು ಬ್ಯಾಂಕಿಗೆ, ಅಗ್ನಿಶಾಮಕ ಇನ್ನೊಂದಕ್ಕೆ. ಗೂಡು ವಿಂಗಡಿಸದೆ ಸಿಕ್ಕಿದ್ದನ್ನು ಸಿಕ್ಕಲ್ಲಿ ತುಂಬಿದ ಅಂಗಡಿಯಲ್ಲಿ ಗಿರಾಕಿ ಬಂದಾಗ ಏನಾಗುತ್ತದೋ, ಬ್ಯಾಂಕು ವಿಂಗಡಿಸದ ಸ್ಕ್ಯಾನರಿನಲ್ಲೂ ಅದೇ ಆಗುತ್ತದೆ.

ಸ್ಕ್ಯಾನ್ ಮಾಡುವಾಗ ಒಂದರಿಂದ ಸೊನ್ನೆವರೆಗಿನ ಅಂಕಿ ಒತ್ತಿದರೆ ಆಯಾ ಬ್ಯಾಂಕು ಮುಚ್ಚುತ್ತದೆ. ಇನ್ನೊಮ್ಮೆ ಒತ್ತಿದರೆ ತೆರೆಯುತ್ತದೆ. ಹೊಸಬರು ಕೈತಪ್ಪಿ ಬ್ಯಾಂಕನ್ನು ಮುಚ್ಚಿಟ್ಟು, 'ಮೆಷಿನ್ ಕೆಟ್ಟುಹೋಯ್ತು' ಎಂದು ಬಾಯಿ ಬಡಿದುಕೊಳ್ಳುವುದು ಇಲ್ಲೇ.

ಮೊದಲ ಪಾಠ ಸ್ಕ್ವೆಲ್ಚ್

ನೆತ್ತಿಯ ಮೇಲೆ ತಿರುಗಿಸುವ ಗುಂಡಿ ಎರಡು. ಒಂದು ಧ್ವನಿಗೆ. ಇನ್ನೊಂದರ ಹೆಸರು ಸ್ಕ್ವೆಲ್ಚ್. ಹಳೇ ರೇಡಿಯೋದಲ್ಲಿ ಸ್ಟೇಷನ್ನು ಸಿಗದಿದ್ದಾಗ ಬುಸ್ಸೆನ್ನುವ ಸದ್ದು ನೆನಪಿದೆಯಲ್ಲ? ಆ ಸದ್ದಿನ ಬಾಯಿ ಮುಚ್ಚಿಸುವುದು ಈ ಗುಂಡಿಯ ಕೆಲಸ. ಸದ್ದು ನಿಂತ ಜಾಗದಿಂದ ಒಂದು ಕೂದಲೆಳೆ ಮುಂದಕ್ಕೆ ತಿರುಗಿಸಿ ಬಿಡಬೇಕು. ಕಮ್ಮಿ ತಿರುಗಿಸಿದರೆ ಮೆಷಿನ್ ಬುಸುಗುಟ್ಟುವುದನ್ನೇ ಮಾತು ಎಂದುಕೊಂಡು ಅಲ್ಲೇ ಕೂತುಬಿಡುತ್ತದೆ. ಜಾಸ್ತಿ ತಿರುಗಿಸಿದರೆ ದೂರದಿಂದ ಬರುವ ಕ್ಷೀಣ ದನಿ ಕೇಳಿಸುವುದೇ ಇಲ್ಲ.

ಅಂಥ ಕಿವಿಗಳು ನಮ್ಮಲ್ಲೂ ಇವೆ. ಬಂದ ಸದ್ದನ್ನೆಲ್ಲ ಸುದ್ದಿ ಎನ್ನುವವರೂ ಇದ್ದಾರೆ, ಬಡವನ ಸಣ್ಣ ದನಿ ಒಳಗೆ ಹೋಗದ ಹಾಗೆ ಗುಂಡಿಯನ್ನು ಪೂರ್ತಿ ತಿರುಗಿಸಿಕೊಂಡು ಕೂತ ಸಾಹೇಬರೂ ಇದ್ದಾರೆ.

ಇನ್ನುಳಿದ ಗುಂಡಿಗಳೂ ಕಷ್ಟದವಲ್ಲ. ಸ್ಕ್ಯಾನ್ ಎಂದರೆ ನಾವು ತುಂಬಿಟ್ಟ ಚಾನೆಲ್ಲುಗಳಲ್ಲಿ ಮಾತ್ರ ಓಡಾಟ. ಸರ್ಚ್ ಎಂದರೆ ಈ ಸಂಖ್ಯೆಯಿಂದ ಆ ಸಂಖ್ಯೆವರೆಗೆ ಮನೆ ಮನೆ ಬಾಗಿಲು ತಟ್ಟುವುದು. ಹೋಲ್ಡ್ ಒತ್ತಿದರೆ ಇದ್ದಲ್ಲೇ ನಿಲ್ಲುತ್ತದೆ. ಡಿಲೇ ಇಟ್ಟರೆ ಒಬ್ಬ ಮಾತು ಮುಗಿಸಿದ ಕೂಡಲೇ ಓಡದೆ, ಎದುರಿನವನು ಉತ್ತರ ಕೊಡುತ್ತಾನೋ ಎಂದು ಎರಡು ಸೆಕೆಂಡು ಕಾಯುತ್ತದೆ. ಪ್ರಶ್ನೆ ಕೇಳಿ ಉತ್ತರಕ್ಕೆ ಮೊದಲೇ ಎದ್ದು ಹೋಗುವ ಅಧಿಕಾರಿಗಳಿಗಿಂತ ಇದು ವಾಸಿ. ಪ್ರಯಾರಿಟಿ ಎಂದು ಗುರುತು ಮಾಡಿದ ಚಾನೆಲ್ಲನ್ನು ಬೇರೆ ಕೆಲಸದ ನಡುವೆಯೂ ಆಗಾಗ ಇಣುಕಿ ನೋಡಿ ಬರುತ್ತದೆ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಗುಂಡಿ ಲಾಕೌಟ್. ಸುಮ್ಮನೆ ಗೊಣಗುತ್ತಾ ಉಳಿದವನ್ನು ಕೇಳಲು ಬಿಡದ ಚಾನೆಲ್ಲನ್ನು ಒಮ್ಮೆ ಒತ್ತಿದರೆ, ಸೆಟ್ಟು ಆರಿಸುವವರೆಗೆ ಅದು ಹೊರಗೆ. ಬೇಗಬೇಗ ಎರಡು ಸಲ ಒತ್ತಿದರೆ ಕಾಯಂ ಹೊರಗೆ. ಕೇಳುವುದನ್ನು ಕಲಿಯುವುದೆಂದರೆ ಯಾವುದನ್ನು ಕೇಳಬಾರದು ಎಂದು ಕಲಿಯುವುದು. ಮೆಷಿನ್ ತಯಾರಿಸಿದವರಿಗೆ ಇದು ಗೊತ್ತಿತ್ತು. ಕೊಂಡವರಿಗೆ ಗೊತ್ತಿರಬೇಕಲ್ಲ!

ಪಿಯುಸಿಯನ್ನು ಅರ್ಧಕ್ಕೆ ಬಿಟ್ಟವನು ನಾನು. ನನಗೇ ಕೈಪಿಡಿ ಓದಿದರೆ ಇಷ್ಟು ಅರ್ಥವಾಗುತ್ತದೆ ಎಂದಮೇಲೆ ಓದಿದವರಿಗೆ ಕಷ್ಟವೇನಿಲ್ಲ. ಕಷ್ಟ ಇರುವುದು ಬೇರೆ ಕಡೆ.

ಪೆಟ್ಟಿಗೆಯ ಮಿತಿ

ಈ ಸೆಟ್ಟು ಕೇಳುವುದು 25ರಿಂದ 54, 108ರಿಂದ 174, 225ರಿಂದ 380, 400ರಿಂದ 512 ಮೆಗಾಹರ್ಟ್ಸ್ ಮಾತ್ರ. ನಮ್ಮ ಎಫ್ಎಂ ಸ್ಟೇಷನ್ನುಗಳು 88ರಿಂದ 108ರ ನಡುವೆ. ಅಂದರೆ ಬೆಳಗಿನ ಭಕ್ತಿಗೀತೆಗೂ ಇದು ಒದಗುವುದಿಲ್ಲ. ಪೊಲೀಸು, ರೈಲು, ಕಾರು ರೇಸು ಎಂದು ಹತ್ತು ವಿಧದ ಸಿದ್ಧ ಹುಡುಕಾಟ ತುಂಬಿ ಕೊಟ್ಟಿದ್ದಾರೆ, ನಿಜ. ಆದರೆ ಅವೆಲ್ಲ ಅಮೆರಿಕಾದ ತರಂಗಗಳ ಲೆಕ್ಕ. ಅಲ್ಲಿನ ರೈಲಿನ ಗುಂಡಿ ಒತ್ತಿ ಇಲ್ಲಿ ಅರಸೀಕೆರೆ ಪ್ಯಾಸೆಂಜರಿಗೆ ಕಾಯುವುದು ಸಾಧ್ಯವೇ?

ಅಲ್ಲಿಯಾದರೂ ಕಥೆ ಮೊದಲಿನಂತಿಲ್ಲ. ಅನೇಕ ನಗರಗಳ ಪೊಲೀಸರು ಡಿಜಿಟಲ್ ವೈರ್‌ಲೆಸ್ಸಿಗೆ ಹೋಗಿದ್ದಾರೆ. ಈ ಸೆಟ್ಟಿಗೆ ಅದು ಅರ್ಥವಾಗುವುದಿಲ್ಲ. ಅದರ ಮೇಲೆ ಮಾತನ್ನೇ ಗುಟ್ಟಿನ ಸಂಕೇತ ಮಾಡಿ ಬೀಗ ಹಾಕುವ ಪದ್ಧತಿಯೂ ಬಂದಿದೆ. ನ್ಯೂಯಾರ್ಕ್ ಪೊಲೀಸರು 2023ರಲ್ಲಿ ಈ ಕೆಲಸ ಶುರು ಮಾಡಿದಾಗ ಅಲ್ಲಿನ ವರದಿಗಾರರು ದೊಡ್ಡ ಗಲಾಟೆ ಎಬ್ಬಿಸಿದರು.

ಅವರ ಸಿಟ್ಟು ನ್ಯಾಯವಾದದ್ದೇ. ಆರ್ಥರ್ ಫೆಲಿಗ್ ಎಂಬ ಫೋಟೋಗ್ರಾಫರು ಅಲ್ಲಿ ವೀಜೀ ಎಂಬ ಹೆಸರಿನಿಂದ ಪ್ರಸಿದ್ಧರು. 1938ರಲ್ಲಿ ಅವರು ಪರ್ಮಿಟ್ ಪಡೆದು ಕಾರಿನಲ್ಲೇ ಪೊಲೀಸ್ ರೇಡಿಯೋ ಇಟ್ಟುಕೊಂಡು ನ್ಯೂಯಾರ್ಕಿನ ರಾತ್ರಿಗಳ ಚಿತ್ರ ತೆಗೆದರು. ಅಲ್ಲಿಂದೀಚೆಗೆ ಅಮೆರಿಕಾದ ಪತ್ರಿಕಾ ಕಚೇರಿಗಳಲ್ಲಿ ಸ್ಕ್ಯಾನರು ಗುನುಗುಡುತ್ತಲೇ ಬಂದಿದೆ. ಬೆಂಕಿ ಬಿದ್ದರೆ, ಗೋಲಿಬಾರ್ ಆದರೆ, ಪೊಲೀಸರು ಹೇಳಿದ್ದನ್ನಷ್ಟೇ ಬರೆಯುವ ಬದಲು ಜಾಗಕ್ಕೇ ಹೋಗಿ ನೋಡಲು ಅದು ದಾರಿ. ಇಲ್ಲಿ ನಾವು ಠಾಣೆಯ ಬಾಗಿಲಲ್ಲಿ ಕಾದು, 'ಏನಾದ್ರೂ ಇದೆಯಾ ಸಾರ್' ಎಂದು ಕೇಳುವುದೇ ಸ್ಕ್ಯಾನರು!

ಕೇಳಿದ್ದೆಲ್ಲ ಸುದ್ದಿಯಲ್ಲ

ಆದರೆ ನಾಣ್ಯಕ್ಕೆ ಇನ್ನೊಂದು ಮುಖ ಇದ್ದೇ ಇದೆ. 1996ರ ಡಿಸೆಂಬರಿನಲ್ಲಿ ಫ್ಲೋರಿಡಾದ ಒಂದು ದಂಪತಿ ಕಾರಿನಲ್ಲಿ ಹೋಗುತ್ತಾ ಸ್ಕ್ಯಾನರಿನಲ್ಲಿ ಫೋನು ಮಾತೊಂದನ್ನು ಹಿಡಿದು ಟೇಪು ಮಾಡಿಕೊಂಡರು. ಅದು ಆಗಿನ ಸ್ಪೀಕರ್ ನ್ಯೂಟ್ ಗಿಂಗ್ರಿಚ್ ಮತ್ತು ಅವರ ಪಕ್ಷದ ಮುಖಂಡರ ಮಾತುಕತೆ. ಟೇಪು ಕೈಯಿಂದ ಕೈಗೆ ಹೋಗಿ 1997ರ ಜನವರಿಯಲ್ಲಿ ಪತ್ರಿಕೆಯಲ್ಲಿ ಬಂತು. ಸೆಲ್‌ಫೋನಿನ ಮಾತು ಕದ್ದು ಕೇಳುವುದು ಅಲ್ಲೂ ಅಪರಾಧ. ಗಂಡ ಹೆಂಡತಿ ಇಬ್ಬರೂ ತಪ್ಪೊಪ್ಪಿಕೊಂಡು ತಲಾ 500 ಡಾಲರ್ ದಂಡ ಕಟ್ಟಿದರು.

2013ರ ಏಪ್ರಿಲಿನ ಬಾಸ್ಟನ್ ಪ್ರಕರಣ ಇನ್ನೂ ಘೋರ. ಮ್ಯಾರಥಾನ್ ಬಾಂಬ್ ಸ್ಫೋಟದ ಆರೋಪಿಗಳನ್ನು ಪೊಲೀಸರು ಹುಡುಕುತ್ತಿದ್ದ ರಾತ್ರಿ, ಸಾವಿರಾರು ಜನ ಪೊಲೀಸ್ ವೈರ್‌ಲೆಸ್ಸಿಗೆ ಕಿವಿಯಾನಿಸಿ ಕೂತಿದ್ದರು. ನಾಪತ್ತೆಯಾಗಿದ್ದ ಒಬ್ಬ ಕಾಲೇಜು ಹುಡುಗನ ಹೆಸರು 'ಸ್ಕ್ಯಾನರಿನಲ್ಲಿ ಬಂತು' ಎಂದು ಯಾರೋ ಬರೆದರು. ಇನ್ನೊಬ್ಬರು ಅದನ್ನು ದಾಟಿಸಿದರು. ಬೆಳಗಾಗುವುದರೊಳಗೆ ಆ ಹುಡುಗ ಲೋಕದ ಕಣ್ಣಿಗೆ ಭಯೋತ್ಪಾದಕ. ಹೆಸರು ಹಾಗೆ ಬಂದದ್ದಕ್ಕೆ ಆಧಾರವೇ ಸಿಗಲಿಲ್ಲ. ಆ ಕೃತ್ಯಕ್ಕೂ ಅವನಿಗೂ ಸಂಬಂಧವೇ ಇರಲಿಲ್ಲ. ಕೆಲವೇ ದಿನಗಳಲ್ಲಿ ಅವನ ಹೆಣ ಸಿಕ್ಕಿತು. ಅವನು ಅದಕ್ಕೆ ಮೊದಲೇ ಸತ್ತಿದ್ದ. ಹೆತ್ತವರ ಗತಿ ಏನಾಗಿರಬೇಕು, ನೀವೇ ಯೋಚಿಸಿ.

ಇದನ್ನು ಓದುವಾಗ ನಮ್ಮ ಬಸ್ಸಿನಲ್ಲಿ ಪಕ್ಕದ ಸೀಟಿನವರ ಫೋನಿನಲ್ಲಿ ಓಡಾಡುವ 'ಮಕ್ಕಳ ಕಳ್ಳರು ಬಂದಿದ್ದಾರೆ' ಎಂಬ ಸಂದೇಶಗಳು ನೆನಪಾಗುವುದಿಲ್ಲವೇ? ಸ್ಕ್ಯಾನರು ಕೊಡುವುದು ಸುಳಿವು, ಸುದ್ದಿಯಲ್ಲ. ವೈರ್‌ಲೆಸ್ಸಿನಲ್ಲಿ ಹೇಳುವ ಪೇದೆಗೂ ಆ ಕ್ಷಣಕ್ಕೆ ಪೂರ್ತಿ ಗೊತ್ತಿರುವುದಿಲ್ಲ.

ನಮ್ಮ ಪೇಟೆಯ ಮಾತು

ಈಗ ಮೊದಲ ಪ್ರಶ್ನೆಗೆ ಬರೋಣ. ತರಿಸಿಕೊಳ್ಳಬಹುದೇ? ಲೈಸೆನ್ಸ್ ಇಲ್ಲದೆ ಬೇಡ ಎಂದೇ ನನ್ನ ಮಾತು. ಮನೆಯ ಮರ್ಫಿ ರೇಡಿಯೋಗೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಕಟ್ಟುತ್ತಿದ್ದ ಕಾಲ ಹಿರಿಯರಿಗೆ ನೆನಪಿರುತ್ತದೆ. 1980ರ ದಶಕದಲ್ಲಿ ಅದು ಹೋಯಿತು. ಆದರೆ ವೈರ್‌ಲೆಸ್ ಸೆಟ್ಟಿನ ವಿಷಯ ಹಾಗಲ್ಲ. 1933ರ ವೈರ್‌ಲೆಸ್ ಕಾಯಿದೆಯಿಂದ ಹಿಡಿದು 2023ರ ದೂರಸಂಪರ್ಕ ಕಾಯಿದೆಯವರೆಗೆ ಸರಕಾರದ ಮಾತು ಒಂದೇ: ವಿನಾಯಿತಿ ಇಲ್ಲದ ಸೆಟ್ಟನ್ನು ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಅಮೆರಿಕಾದ ಅಂಗಡಿಯಲ್ಲಿ ಸಿಗುತ್ತದೆ ಎಂಬುದು ಇಲ್ಲಿನ ಕೋರ್ಟಿನಲ್ಲಿ ಉತ್ತರವಾಗುವುದಿಲ್ಲ.

ಸ್ಕ್ಯಾನರು ನಮ್ಮಲ್ಲಿ ಅಪರೂಪ. ಅದಕ್ಕಿಂತ ದೊಡ್ಡ ಅಪಾಯ ಅದರ ತಮ್ಮ, ಅಂದರೆ ಅಗ್ಗದ ವಾಕಿಟಾಕಿ. ಇದನ್ನೂ ಹಾಗೇ ಸಂಖ್ಯೆ ಒತ್ತಿ ಪ್ರೋಗ್ರಾಂ ಮಾಡಬಹುದು. ಆದರೆ ಇದು ಕೇಳುವುದಷ್ಟೇ ಅಲ್ಲ, ಮಾತಾಡುತ್ತದೆ ಕೂಡ. ಅಂಗಡಿಗೂ ಗೋಡೌನಿಗೂ, ಕಲ್ಯಾಣ ಮಂಟಪಕ್ಕೂ, ಜಾತ್ರೆಯ ಸ್ವಯಂಸೇವಕರಿಗೂ ಅನುಕೂಲ ಎಂದು ಆನ್‌ಲೈನಿನಲ್ಲಿ ತರಿಸುವವರಿದ್ದಾರೆ. ಬಾಯಿಗೆ ಬಂದ ಸಂಖ್ಯೆ ಒತ್ತಿ, 'ಎರಡು ಮೂಟೆ ಅಕ್ಕಿ ಕಳಿಸೋ' ಎಂದು ಕೂಗಿದಾಗ, ಅದೇ ತರಂಗದಲ್ಲಿ ಯಾವುದೋ ತುರ್ತು ಸೇವೆಯವರು ಮಾತಾಡುತ್ತಿದ್ದರೆ? ಅವರ ಮಾತಿನ ಮೇಲೆ ನಿಮ್ಮ ಅಕ್ಕಿಮೂಟೆ ಬಿತ್ತು ಎಂದೇ ಲೆಕ್ಕ.

2018ರ ಕೇಂದ್ರ ನಿಯಮದ ಪ್ರಕಾರ 446.0ರಿಂದ 446.2 ಮೆಗಾಹರ್ಟ್ಸ್ ನಡುವೆ ನಡೆಯುವ, ಕಮ್ಮಿ ಶಕ್ತಿಯ, ಸರಕಾರದ ಮಾದರಿ ಮಂಜೂರಾತಿ ಇರುವ ಸೆಟ್ಟಿಗೆ ಲೈಸೆನ್ಸ್ ಬೇಡ. ಉಳಿದದ್ದಕ್ಕೆ ಬೇಕು. ಇದನ್ನು ತಿಳಿಸದೆ ಮಾರುತ್ತಿದ್ದಾರೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ಆನ್‌ಲೈನ್ ಮಾರಾಟ ಜಾಲಗಳಿಗೆ 13 ನೋಟಿಸು ಕೊಟ್ಟಿತು. ಅದೇ ತಿಂಗಳು ಹೊಸ ಮಾರ್ಗಸೂಚಿಯನ್ನೂ ಹೊರಡಿಸಿತು. ಡೆಲ್ಲಿಯಲ್ಲಿ ಹೊರಟ ಮಾರ್ಗಸೂಚಿ ನಮ್ಮ ಪೇಟೆ ಬೀದಿಗೆ ಯಾವಾಗ ತಲುಪುತ್ತದೋ ದೇವರೇ ಬಲ್ಲ. ಅಲ್ಲಿಯವರೆಗೆ ಅಂಗಡಿಯವರು ತಾವೇ ಡಬ್ಬದ ಮೇಲಿನ ಸಂಖ್ಯೆ ಓದಿ ನೋಡುವುದು ಕ್ಷೇಮ.

ನೇರ ದಾರಿ ಇದೆ

ರೇಡಿಯೋ ಹುಚ್ಚು ಹತ್ತಿದ ಹುಡುಗರಿಗೆ 'ಬೇಡ' ಎಂದಷ್ಟೇ ಹೇಳಿ ಕಳಿಸುವುದು ಅನ್ಯಾಯ. ಅವರಿಗೆ ನೇರ ದಾರಿ ಇದೆ. ಅದೇ ಹ್ಯಾಮ್ ರೇಡಿಯೋ. 12 ವರ್ಷ ತುಂಬಿದ ಯಾರೇ ಆಗಲಿ ಪರೀಕ್ಷೆ ಬರೆದು ಕೇಂದ್ರ ಸರಕಾರದ ಲೈಸೆನ್ಸ್ ಪಡೆಯಬಹುದು. ಡಿಗ್ರಿ ಬೇಕಿಲ್ಲ. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರೂ ಹ್ಯಾಮ್ ಆಗಿದ್ದರು. ಈ ಲೈಸೆನ್ಸಿನಿಂದ ಪೊಲೀಸರ ಮಾತು ಕೇಳುವ ಹಕ್ಕು ಬರುವುದಿಲ್ಲ, ನೆನಪಿರಲಿ. ಆದರೆ ತಮಗೆಂದು ಬಿಟ್ಟುಕೊಟ್ಟ ತರಂಗಗಳಲ್ಲಿ ಊರೂರಿನವರ ಜೊತೆ ಮಾತಾಡಬಹುದು. ಅಂತರಿಕ್ಷ ನಿಲ್ದಾಣ ನಮ್ಮ ನೆತ್ತಿಯ ಮೇಲೆ ಹಾದುಹೋಗುವಾಗ ಅಲ್ಲಿನ ಹ್ಯಾಮ್ ರೇಡಿಯೋ ನಡೆಯುತ್ತಿದ್ದರೆ 145.800ರಲ್ಲಿ ಆ ದನಿಯನ್ನೂ ಹಿಡಿಯಬಹುದು.

ಇದು ಬರೀ ಶೋಕಿಯೂ ಅಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಪೋರ್ಟ್ ಬ್ಲೇರಿನಲ್ಲಿತ್ತು. ಟೆಲಿಫೋನು ಸತ್ತುಹೋದ ಅಂಡಮಾನಿನಿಂದ ಹೊರಗಿನವರಿಗೆ ಸುದ್ದಿ ಮುಟ್ಟಿಸಿದವರಲ್ಲಿ ಅವರೂ ಇದ್ದರು. ಅವರಿಗೆ ಗುಂಡಿಗಳ ಅರ್ಥ ಮೊದಲೇ ಗೊತ್ತಿತ್ತು. ಅನಾಹುತ ಆದಮೇಲೆ ಕೈಪಿಡಿ ಹುಡುಕುತ್ತಾ ಕೂರಲಿಲ್ಲ. ಮಳೆಗಾಲದಲ್ಲಿ ಗುಡ್ಡ ಕುಸಿದು ಮೊಬೈಲು ಟವರುಗಳು ಮಲಗಿದಾಗ ನಮ್ಮ ಜಿಲ್ಲೆಯಲ್ಲಿ ಹಾಗೆ ಎದ್ದು ನಿಲ್ಲುವವರು ಎಷ್ಟು ಜನ?

ಜಿಲ್ಲಾಡಳಿತಕ್ಕೆ ನಮ್ಮ ಬೇಡಿಕೆ ಎರಡೇ. ಒಂದು, ಪಾಲಿಟೆಕ್ನಿಕ್ಕಿನಲ್ಲೋ ಜೂನಿಯರ್ ಕಾಲೇಜಿನಲ್ಲೋ ವರ್ಷಕ್ಕೊಮ್ಮೆ ಹ್ಯಾಮ್ ಪರೀಕ್ಷೆಗೆ ತರಗತಿ ನಡೆಸಲಿ, ಪಾಠ ಕನ್ನಡದಲ್ಲಿರಲಿ. ಎರಡು, ಯಾವ ಸೆಟ್ಟಿಗೆ ಲೈಸೆನ್ಸ್ ಬೇಕು, ಯಾವುದಕ್ಕೆ ಬೇಡ ಎಂಬ ಒಂದು ಪುಟದ ತಿಳಿವಳಿಕೆ ಪತ್ರವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಅಂಗಡಿ ಅಂಗಡಿಗೆ ಹಂಚಲಿ. ಕೇಸು ಹಾಕುವುದು ಆಮೇಲೆ ಇದ್ದೇ ಇದೆ. ಮೊದಲು ತಿಳಿಸಿ ಹೇಳಿ.

ಸಂಬಂಧಪಟ್ಟವರು ತಮ್ಮ ಸ್ಕ್ವೆಲ್ಚ್ ಗುಂಡಿಯನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ ಈ ದನಿಗೆ ಕಿವಿಗೊಡುವರೇ?