ಮಂಗನ ಕಾಯಿಲೆ: ಮಲೆನಾಡು ಟ್ರಿಪ್ ಕ್ಯಾನ್ಸಲ್ ಮಾಡ್ಬೇಕಾ?

ಶಿವಮೊಗ್ಗ: ಬೇಸಿಗೆ ರಜೆಗೆ ಹೋಂಸ್ಟೇ ಬುಕ್ ಮಾಡಿದವರ ಪ್ರಶ್ನೆ ಒಂದೇ. ಮಂಗನ ಕಾಯಿಲೆ ಇದೆಯಂತೆ, ಮಕ್ಕಳನ್ನ ಕರ್ಕೊಂಡು ಬರೋದಾ, ಬೇಡ್ವಾ?

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ. ಹರಡಿಸೋದು ಕಾಡಿನ ಉಣುಗು. ಹಾಗಾಗಿ ಪೇಟೆಯಲ್ಲಿ ಉಳಿದು ಜೋಗ ನೋಡಿ ಹೋಗುವವರಿಗೆ ಅಪಾಯ ಕಡಿಮೆ. ಆದ್ರೆ ಮಂಗ ಸತ್ತಿರುವ ಕಡೆ ಕಾಡಂಚಿನ ಹೋಂಸ್ಟೇ, ಚಾರಣ ಅಂದ್ರೆ ಮಳೆಗಾಲ ಹಿಡಿಯುವವರೆಗೆ ಮುಂದೂಡುವುದೇ ಸರಿ. ಇದಕ್ಕೆ ನಿರ್ದಿಷ್ಟ ಔಷಧಿ ಇಲ್ಲ, ಹಳೇ ಲಸಿಕೆಯೂ 2022ರಲ್ಲಿ ನಿಂತಿದೆ.

ಹೋಂಸ್ಟೇಯವರು ವಿಷಯ ಮುಚ್ಚಿಡದೆ, ಅಡ್ವಾನ್ಸ್ ಹಿಡಿದುಕೊಳ್ಳದೆ ದಿನಾಂಕ ಬದಲಿಸಿಕೊಡಲಿ. ಪ್ರವಾಸಿಗರಿಗೆ ಕ್ಯಾನ್ಸಲ್ ಮಾಡೋ ಅವಕಾಶವಾದ್ರೂ ಇದೆ. ಸೊಪ್ಪು, ಸೌದೆಗೆ ಕಾಡಿಗೆ ಹೋಗಲೇಬೇಕಾದ ಇಲ್ಲಿನವರಿಗೆ ಅದೂ ಇಲ್ಲ. ಹೊಸ ಲಸಿಕೆ ಮೊದಲು ಸಿಗಬೇಕಾದ್ದು ಅವರಿಗೆ.