ಗೆದ್ದರೂ ಮೂರು ಸಾವಿರ ಕಡಿಮೆ

2024ರಲ್ಲಿ ಹುಮನಾಬಾದಿನಿಂದ ಅಣ್ಣನ ಮಗ ಬಸವಕಲ್ಯಾಣದ ನಮ್ಮನೆಗೆ ಫೋನ್ ಮಾಡಿದ. “ಅತ್ತಿ, ಫ್ಯಾಂಟಸಿ ಫುಟ್‌ಬಾಲ್‌ನಾಗ ಗೆದ್ದೀನಿ. ಖರೇ, ಮೂರು ಸಾವಿರ ಆ್ಯಪ್‌ನವ್ರು ನುಂಗ್ಯಾರ!”

ನುಂಗಿರಲಿಲ್ಲ ಬಿಡಿ. ಆ ವರ್ಷ ಅವನು ಹಾಕಿದ್ದು 2,000, ತೆಗೆದದ್ದು 12,000. ಲಾಭದ 10,000ಕ್ಕೆ ಶೇ. 30ರಂತೆ ಟಿಡಿಎಸ್ ಹಿಡಿದು ಖಾತೆಗೆ 9,000 ಹಾಕಿದ್ದರು. 2023ರ ಏಪ್ರಿಲ್‌ನಿಂದ ಇದೇ ನಿಯಮ. ಬೇರೆ ಆದಾಯ ಇಲ್ಲ ಅಂದ್ರೂ ಈ ತೆರಿಗೆಗೆ ವಿನಾಯಿತಿ ಇಲ್ಲ.

ಹುಡುಗ ಪೂರ್ತಿ ಹನ್ನೆರಡು ಸಾವಿರ ಬರ್ತದಂತ ನಂಬಿ, ಗೆಳೆಯರ ಹತ್ರ ಕೈಗಡ ಮಾಡಿ ಮೊಬೈಲ್ ತಗೊಂಡುಬಿಟ್ಟಿದ್ದ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ಅಷ್ಟೊತ್ತಿಗೆ ಕಡಿಮೆ ಬಿದ್ದ ಮೂರು ಸಾವಿರವನ್ನ ನಮ್ಮ ವೈನಿ ಬ್ಲೌಸ್ ಹೊಲಿದು ತೀರಿಸಿದ್ದರು.